ರೋಣದಲ್ಲಿ ನಾನು ರೋಗಿಯಾದ ಬಗೆ

ಮೂವತ್ತು ವರ್ಷ ಗಜೇಂದ್ರಗಡದಲ್ಲಿ ಕನ್ನಡ ಪಾಠ ಹೇಳಿ, ಅಷ್ಟೇ ವರ್ಷ ನಾಟಕಗಳಲ್ಲಿ ರಾಜನ ಪಾರ್ಟು ಮಾಡಿದ ನನಗೆ ಒಬ್ಬ ರೋಗಿಷ್ಟ ಮುದುಕನ ಪಾರ್ಟು ಯಾವ ಲೆಕ್ಕ?

ರೋಣದ ಒಂದು ನರ್ಸಿಂಗ್ ಕಾಲೇಜಿನ ಪ್ರಾಚಾರ್ಯೆ ಮೇಡಂ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಸರ್, ನಮ್ಮ ಹುಡುಗ್ರು ಇಂಜೆಕ್ಷನ್ ಚಲೋ ಮಾಡ್ತಾರ್ರಿ. ಪೇಷಂಟ್ ಜೋಡಿ ಮಾತಾಡ್ರಿ ಅಂದ್ರ ಗ್ವಾಡಿ ನೋಡ್ತಾರ. ಕಥಿ, ನಾಟಕ ಗೊತ್ತಿದ್ದವರು ನೀವು. ಒಂದಿನ ಪೇಷಂಟ್ ಆಗಿ ಬರ್ರಿ."

ವೈದ್ಯಲೋಕವು ಕಡೆಗೂ ಕಲೆಯ ಮುಂದೆ ಕೈ ಚಾಚಿತ್ತು. ನಾನು ಒಪ್ಪಿದೆ.

"ಪೇಷಂಟ್ ಆಗಾಕ ರೋಣಕ್ಕ ಯಾಕ ಹೋಗಬೇಕ್ರಿ?" ಎಂದಳು ಹೆಂಡತಿ ಗಿರಿಜಾ. "ಇವತ್ತ ಬಿಪಿ ಗುಳಿಗಿ ತಗೊಂಡೀರಿಲ್ಲೋ?"

"ಹೂಂ" ಎಂದು ಬಸ್ ಹತ್ತಿದೆ.

ಅಲ್ಲಿ ಮೇಡಂ ಒಂದು ಕಾಗದ ಕೊಟ್ಟರು. ನನ್ನ ಹೆಸರು ಬಸಪ್ಪ. ಹೆಂಡತಿ ತೀರಿಹೋಗಿದ್ದಾಳೆ. ಮೂರು ದಿನದಿಂದ ತಲೆಸುತ್ತು. ಬಿಪಿ ಗುಳಿಗೆ ಬಿಟ್ಟಿದ್ದನ್ನು ಮುಚ್ಚಿಡುತ್ತಾನೆ. ವಿಶ್ವಾಸದಿಂದ ಮಾತಾಡಿಸಿದರೆ ಮಾತ್ರ ಹೇಳುತ್ತಾನೆ.

ಮಂಚದ ಮೇಲೆ ಮಲಗಿದೆ. ಮೊದಲು ಬಂದ ಹುಡುಗ, "ಏನ್ ತ್ರಾಸ ಐತ್ರಿ?" ಎಂದ. ನಾನು ಎದೆ ಹಿಡಿದು, "ಅಯ್ಯೋ, ಭೂಮಿಯೇ ತಿರುಗುತ್ತಿದೆ" ಎನ್ನುತ್ತ ಮಂಚದಿಂದ ಉರುಳಿದೆ. ರಾಜ ಸಾಯುವ ದೃಶ್ಯದಲ್ಲಿ ನಾನು ಉರುಳುವುದು ಹೀಗೆಯೇ. ಹುಡುಗ ಸಲೈನ್ ಸ್ಟ್ಯಾಂಡ್ ಕೆಡವಿ ಡಾಕ್ಟರನ್ನು ಕರೆಯಲು ಓಡಿದ. ಬಸ್ ನಿಲ್ದಾಣದ ತನಕ ಓಡಿದ್ದನೆಂದು ಆಮೇಲೆ ತಿಳಿಯಿತು.

"ಸ್ವಲ್ಪ ಕಡಿಮಿ ಮಾಡ್ರಿ ಸರ್" ಎಂದರು ಮೇಡಂ.

ಎರಡನೆಯ ಹುಡುಗಿ ಕೂರುವ ಮೊದಲೇ, "ತಂಗಿ, ನಾ ಗುಳಿಗಿ ಬಿಟ್ಟೀನಿ" ಎಂದೆ.

"ಸರ್, ಅದನ್ನ ಆಕಿ ಕೇಳಿ ತಿಳ್ಕೋಬೇಕ್ರಿ. ನೀವ ಹೇಳಿಬಿಟ್ರ ಆಕಿ ಏನ್ ಕಲೀತಾಳ?"

ಸರಿ, ಮೂರನೆಯವನ ಮುಂದೆ ಬಾಯಿಯೇ ಬಿಡಲಿಲ್ಲ. ಅವನು ಹೆಸರು ಕೇಳಿದ, ಊರು ಕೇಳಿದ. ಕೊನೆಗೆ, ರೋಗಿಗೆ ಕಿವಿ ಕೇಳಿಸುವುದಿಲ್ಲ ಎಂದು ಬರೆದುಕೊಂಡು ಹೋದ.

ನಾಲ್ಕನೆಯವಳು ಯಾವಗಲ್ ಊರಿನ ರೇಣುಕಾ. ಸ್ಟೂಲ್ ಎಳೆದು ಕುಳಿತಳು. ಸುಮ್ಮನಿದ್ದಳು. ಮಾತು ಮರೆತಿದ್ದಾಳೆಂದು ನನಗೆ ಕನಿಕರವಾಯಿತು.

"ಅಜ್ಜಾರ, ಬಸ್ಸಿನ್ಯಾಗ ಬಂದ್ರೇನ್ರಿ?"

"ಹೂಂ."

"ಸೀಟ ಸಿಕ್ಕಿತ್ತೇನ್ರಿ?"

"ಸಿಕ್ಕಿತ್ತವಾ. ಆದ್ರ ನನಗ ಬಸ್ಸಂದ್ರ ಹೆದರಿಕಿ."

ಇದು ಕಾಗದದಲ್ಲಿರಲಿಲ್ಲ. ಅವಳು ಏನೂ ಬರೆದುಕೊಳ್ಳಲಿಲ್ಲ, ಕಾದಳು ಅಷ್ಟೇ. ನನ್ನ ಬಾಯಿ ತಾನಾಗಿ ನಡೆಯಿತು.

"ಆ ಗುಳಿಗಿ ತಗೊಂಡ್ರ ತಾಸಿಗೊಮ್ಮೆ ಒಂದಕ್ಕ ಹೋಗಬೇಕು. ಒಮ್ಮೆ ಕಂಡಕ್ಟರ್‌ಗೆ ಗಾಡಿ ನಿಂದರಸು ಅಂದೆ, ಇಡೀ ಬಸ್ಸು ನನ್ನ ಮಾರಿ ನೋಡ್ತು. ಎರಡ ತಿಂಗಳಾತು, ಗುಳಿಗೀನ ನಾಟಕದ ಮೀಸಿ ಇಡೋ ಡಬ್ಬ್ಯಾಗ ಹಾಕ್ತೀನಿ."

"ಮನ್ಯಾಗ ಗೊತ್ತೈತೇನ್ರಿ?"

"ಗಿರಿಜಾಗ ಗೊತ್ತಾದ್ರ ನಾಟಕಾನ ಬಿಡಸ್ತಾಳ."

ಮೇಡಂ ಕಾಗದ ನೋಡಿದರು. ಬಸಪ್ಪನ ಹೆಂಡತಿ ಮತ್ತೆ ಬದುಕಿದ್ದಳು.

ರೇಣುಕಾ ನನ್ನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಇನ್ನೊಮ್ಮೆ ನೋಡಿದಳು. "ಮೇಡಂ, ಇದು ಪಾರ್ಟ್ ಅಲ್ರಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಹೆದರಬ್ಯಾಡ್ರಿ ಅಜ್ಜಾರ. ಈ ತ್ರಾಸ ಡಾಕ್ಟರಿಗೆ ಹೇಳಿದ್ರ ಬ್ಯಾರೆ ಗುಳಿಗಿ ಕೊಡ್ತಾರ. ಇದರಾಗ ನಾಚೂದೇನೈತ್ರಿ?" ಎಂದಳು. ಎರಡು ತಿಂಗಳು ಹೊತ್ತು ತಿರುಗಿದ್ದ ಭಾರ ಎರಡು ಮಾತಿಗೆ ಇಳಿಯಿತು. ಕಣ್ಣೊರೆಸಿಕೊಂಡೆ. ಅಭಿನಯ ಸಹಾಯಕ್ಕೆ ಬರಲಿಲ್ಲ.

ಡಾಕ್ಟರು ಬಂದರು, ಗುಳಿಗೆ ಬದಲಿಸಿದರು. ಮೇಡಂ ಫೋನ್ ಮಾಡಿದ್ದರಿಂದ ಮಧ್ಯಾಹ್ನದ ಬಸ್ಸಿಗೆ ಗಿರಿಜಾ ಬಂದಳು. ಕಣ್ಣುಗಳು ಕೆಂಪಾಗಿದ್ದವು.

"ದಿನಾ ಕೇಳತಿದ್ನೆಲ್ರಿ ನಾನು."

"ಗುಳಿಗಿ ಸುದ್ದಿ ಕೇಳತಿದ್ದಿ. ಈಕಿ ನನ್ನ ಸುದ್ದಿ ಕೇಳಿದ್ಲು" ಎಂದೆ. ಗಿರಿಜಾ ಪಕ್ಕದಲ್ಲಿ ಕುಳಿತು ನನ್ನ ಕೈ ಹಿಡಿದುಕೊಂಡಳು, ತುಸು ಜೋರಾಗಿಯೇ.

ಹೊರಡುವಾಗ ಮೇಡಂ ಶಾಲು ಹೊದಿಸಿ, "ಬರೂ ತಿಂಗಳ ಮತ್ತ ಬರಬೇಕ್ರಿ ಸರ್" ಎಂದರು.

ನನ್ನ ಎದೆ ಉಬ್ಬಿತು. ಗಿರಿಜಾಳ ಕಡೆಗೊಮ್ಮೆ ನೋಡಿ, ಕಂಠ ಸರಿಪಡಿಸಿಕೊಂಡು, "ಯಾವ ಪಾರ್ಟ್ ಮೇಡಂ?" ಎಂದೆ.

"ಪಾರ್ಟ್ ಅಲ್ರಿ. ಬಿಪಿ ತೋರಿಸಾಕ."