ನಮ್ಮವ್ವ ಮತ್ತು ಏಳಿಂಚಿನ ಪಾಟಿ

ನಮ್ಮ ಮನೆಗೆ ಯಾವ ಹೊಸ ಸಾಮಾನು ಬಂದರೂ ಒಂದಲ್ಲ ಒಂದು ಫಜೀತಿ ಆಗಿಯೇ ತೀರುತ್ತದೆ. ಗ್ಯಾಸ್ ಒಲೆ ಬಂದಾಗ ಅವ್ವ ಊದುಗೊಳವಿ ತಂದು ಅದರ ಮುಂದೆ ಕೂತಿದ್ದಳು. ಮಿಕ್ಸರ್ ಬಂದಾಗ ಅದರ ಕೂಗು ಕೇಳಲಾರದೆ, "ಪಾಪ, ಅದಕ್ಕೇನೋ ನೋಯಾಕ ಹತ್ತೇತಿ" ಎಂದು ಅರ್ಧ ರುಬ್ಬಿದ ಚಟ್ನಿಯನ್ನೇ ಬಡಿಸಿದ್ದಳು. ಹೀಗಿರುವಾಗ ನಾನು ಟ್ಯಾಬ್ಲೆಟ್ ತಂದೆನೆಂದರೆ ಸುಮ್ಮನೆ ಹೋಗುತ್ತದೆಯೇ?

ನಾನು ಬೆಟಗೇರಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೆಣ್ಣುಮಕ್ಕಳ ಜಂಪರ್ ಹೊಲಿಯುತ್ತೇನೆ. ಅವ್ವ ನನ್ನ ಹತ್ತಿರವೇ ಇರುತ್ತಾಳೆ. ಗಿರಾಕಿಗಳಿಗೆ ಕೊರಳಿನ ಡಿಸೈನ್ ತೋರಿಸಲು ಬೇಕು ಎಂದು ಎಲ್ಲರಿಗೂ ಹೇಳಿ ಟ್ಯಾಬ್ಲೆಟ್ ಕೊಂಡೆ. ಅಂಗಡಿಯಲ್ಲಿದ್ದುದರಲ್ಲೇ ಅಗ್ಗದ್ದು, ಏಳಿಂಚಿನದು, ಸಿಮ್ ಹಾಕುವಂಥದ್ದು. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಮುಂಡರಗಿಯಲ್ಲಿರುವ ಚಿಕ್ಕವ್ವ, ಅಂದರೆ ಅವ್ವನ ತಂಗಿ, ಮತ್ತು ಅವ್ವ ಮಾತು ಬಿಟ್ಟು ಮೂರು ದಸರೆ ಕಳೆದಿದ್ದವು. ಕಾರಣ ಕೇಳಿದರೆ ನಗುತ್ತೀರಿ. ಒಂದು ಮದುವೆಯ ಪಂಕ್ತಿಯಲ್ಲಿ, ಬೀಗರೆಲ್ಲ ಕೂತಾಗ, ಅವ್ವ ಮಾಡಿದ ಶೇಂಗಾ ಹೋಳಿಗೆ ಮುರಿದು ಚಿಕ್ಕವ್ವ, "ಅಕ್ಕಾ, ಒಂದೀಟು ಗಟ್ಟಿ ಆಗ್ಯಾವಲ್ಲ" ಅಂದುಬಿಟ್ಟಿದ್ದಳು.

ನಮ್ಮ ಕಡೆ ದಸರೆಯ ಸಂಜೆ ಸಣ್ಣವರು ದೊಡ್ಡವರ ಮನೆಗೆ ಹೋಗಿ ಕೈಯಲ್ಲಿ ಬನ್ನಿ ಎಲೆ ಇಟ್ಟು, ಬಂಗಾರದಂಗ ಇರೂಣು ಎಂದು ಕಾಲಿಗೆ ಬೀಳುತ್ತಾರೆ. ಎಂಥ ಜಗಳವೂ ಅಲ್ಲಿಗೆ ಮುಗಿಯಿತು. ಇವರದು ಮಾತ್ರ ಮುಗಿಯಲಿಲ್ಲ. "ಆಕಿ ಸಣ್ಣಾಕಿ, ಬಂದು ಬನ್ನಿ ಕೊಡ್ಲಿ" ಎಂದು ಅವ್ವ. "ಅಕ್ಕ ಬಾಯಿ ತುಂಬ ಒಮ್ಮೆ ಬಾ ಅನ್ಲಿ, ಓಡಿ ಬರ್ತೀನಿ" ಎಂದು ಚಿಕ್ಕವ್ವ. ಇಬ್ಬರೂ ನನ್ನ ಮುಂದೆ ಬೇರೆ ಬೇರೆಯಾಗಿ ಕಣ್ಣೀರು ಹಾಕುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿದರೆ ಸಾಕು, ಕರಗುತ್ತಾರೆ ಎಂದು ನನ್ನ ಲೆಕ್ಕ.

ಬಡಿದರೆ ಉಬ್ಬುತ್ತದೆ

ಟ್ಯಾಬ್ಲೆಟ್ ನೋಡಿದ ಕೂಡಲೇ ಅವ್ವ ಅದಕ್ಕೆ ಪಾಟಿ ಎಂದು ಹೆಸರಿಟ್ಟಳು. ಶಾಲೆಗೆ ಹೋದದ್ದು ಎರಡೇ ವರ್ಷವಾದರೂ ಪಾಟಿ, ಅಂದರೆ ಸ್ಲೇಟು, ಹಿಡಿದ ನೆನಪು ಅವಳಿಗೆ ಚೆನ್ನಾಗಿದೆ. "ಬಳಪ ಎಲ್ಲೈತಿ?" ಎಂದು ಡಬ್ಬಿಯನ್ನು ಬೋರಲು ಹಾಕಿ ಕೊಡವಿದಳು.

"ಬಳಪ ಬ್ಯಾಡಬೇ, ಬೆರಳಿನ ತುದೀಲೆ ಹಗೂರಕ ಮುಟ್ಟು ಸಾಕು" ಎಂದೆ.

ಹಗುರವಾಗಿ ಮುಟ್ಟುವುದು ಅವಳಿಗೆ ಹೇಗೆ ಬರಬೇಕು? ಜನ್ಮವಿಡೀ ಜೋಳದ ರೊಟ್ಟಿ ಬಡಿದ ಕೈ. ಬೆರಳ ತುದಿ ಒಣಗಿ ಕಲ್ಲಾಗಿದೆ. ಒಂದು ಬೆರಳಲ್ಲಿ ಒತ್ತಿದಳು, ಪಾಟಿ ಅಲುಗಲಿಲ್ಲ. ಎರಡರಲ್ಲಿ ಒತ್ತಿದಳು, ಊಹೂಂ. ಕೊನೆಗೆ ಸೆರಗು ಸಿಕ್ಕಿಸಿಕೊಂಡು ಪಾಟಿಯನ್ನು ಮಡಿಲಲ್ಲಿಟ್ಟು, ಅಂಗೈ ಅಗಲಿಸಿ, ಸುತ್ತಲೂ ತಿರುಗಿಸುತ್ತ ಪಟಪಟ ಬಡಿದಳು. ನಾನು ಎದೆ ಹಿಡಿದುಕೊಂಡೆ. ಪಾಟಿ ಅವಳ ಗದ್ದದ ನಾಲ್ಕಾರು ಫೋಟೋ ತೆಗೆಯಿತು, ತನ್ನ ದನಿ ತಾನೇ ಏರಿಸಿಕೊಂಡಿತು, ಆಮೇಲೆ ಯಾವುದೋ ಭಾಷೆಯವನೊಬ್ಬ ಕಾಣಿಸಿಕೊಂಡು ಜೋರಾಗಿ ಅಡಿಗೆ ಹೇಳಿಕೊಡಲು ಶುರು ಮಾಡಿದ.

ಅವ್ವ ಕೈ ಕೊಡವಿಕೊಂಡಳು. "ನೋಡ್ದೇನ? ಸರಿಯಾಗಿ ಬಡದ್ರ ಎಂಥಾದ್ದೂ ಉಬ್ಬತೈತಿ."

ಅತ್ತೆಯ ಅಳತೆ, ಸೊಸೆಯ ಅಳತೆ

ಡಿಸೈನ್ ತೋರಿಸುವ ಕೆಲಸಕ್ಕೆ ಪಾಟಿ ಕೂತ ಮೊದಲ ವಾರವೇ ಅಡರಕಟ್ಟಿಯಿಂದ ಅತ್ತೆ ಸೊಸೆ ಬಂದರು. ಸೊಸೆ ಹೊಸದಾಗಿ ಮದುವೆಯಾದವಳು. ಬೆನ್ನ ಕಡೆ ಕೊರಳು ಇಳಿಬಿಟ್ಟ ಒಂದು ಡಿಸೈನ್ ಆರಿಸಿದಳು. ಅಂಚಿನ ಲೇಸು ಕಾಣಲೆಂದು ಎರಡು ಬೆರಳು ಅಗಲಿಸಿ ಚಿತ್ರ ದೊಡ್ಡದು ಮಾಡಿದಳು.

ಅತ್ತೆ ಹೌಹಾರಿದಳು. "ಏ ಏ, ಎಷ್ಟ ಇಳಿಸ್ತೀ? ಏನ್ ಬಾವಿ ತೋಡಾಕ ಹತ್ತೀಯೇನ?" ಎಂದವಳೇ ತಾನೂ ಬೆರಳಿಟ್ಟು ಚಿತ್ರ ಸಣ್ಣದು ಮಾಡಿದಳು. "ಇಷ್ಟ ಸಾಕು."

"ಇಷ್ಟಾದ್ರ ಉಸಿರು ಕಟ್ಟತೈತ್ರಿ ಅತ್ತಿ" ಎಂದು ಸೊಸೆ ಮತ್ತೆ ಹಿಗ್ಗಿಸಿದಳು. ಅತ್ತೆ ಕುಗ್ಗಿಸಿದಳು. ನಮ್ಮ ಅಗ್ಗದ ಪಾಟಿಗೆ ತಿಳಿವಳಿಕೆ ನಿಧಾನ. ಅತ್ತೆ ಕುಗ್ಗಿಸಿದಾಗ ಅದು ಸೊಸೆಯ ಹಿಂದಿನ ಮಾತು ಕೇಳಿ ಹಿಗ್ಗುತ್ತಿತ್ತು, ಸೊಸೆ ಹಿಗ್ಗಿಸಿದಾಗ ಅತ್ತೆಯ ಮಾತು ಕೇಳಿ ಕುಗ್ಗುತ್ತಿತ್ತು. ಇಬ್ಬರ ನಡುವೆ ಸಿಕ್ಕ ಮಗನ ಗತಿಯೂ ಇದೇ ಇರಬೇಕು.

ಕೊನೆಗೆ ಅತ್ತೆ ಚಿತ್ರವನ್ನು ಹೆಬ್ಬೆರಳಷ್ಟು ಮಾಡಿ, ನನ್ನ ಕೊರಳಲ್ಲಿದ್ದ ಟೇಪು ಎಳೆದು ಪಾಟಿಯ ಮೇಲಿಟ್ಟು ಅಳೆದಳು. "ಒಂದ ಇಂಚು. ಹಿಂಗ ಹೊಲೀರಿ ಟೇಲರಕ್ಕಾರ." ಸೊಸೆ ಹಿಂದಿನಿಂದ ಕೈ ಮುಗಿದಳು. ನಾನು ಅತ್ತೆಗೆ "ಆತ್ರಿ" ಅಂದೆ, ಹೊಲಿಯುವಾಗ ನನಗೆ ಸರಿ ಕಂಡಂತೆ ಹೊಲಿದೆ.

ಬಟ್ಟೆ ಒಯ್ಯುವ ದಿನ ಅತ್ತೆ ಜಂಪರನ್ನು ತಿರುವಿ ತಿರುವಿ ನೋಡಿದಳು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಸೊಸೆ ಚಪ್ಪಲಿ ಹಾಕಿಕೊಳ್ಳಲು ಹೊರಗೆ ಹೋದದ್ದೇ ತಡ, ನನ್ನ ಕಿವಿಯ ಹತ್ತಿರ ಬಂದಳು. "ನನಗೂ ಒಂದು ಹೊಲೀರಿ. ಆದ್ರ ನಾ ಸಣ್ಣದು ಮಾಡಿದ್ದ ಅಳತಿ ಬ್ಯಾಡ, ಆಕಿ ದೊಡ್ಡದು ಮಾಡಿದ್ಲಲ್ಲ, ಆ ಅಳತಿ ಇರ್ಲಿ."

ಮುಂಡರಗಿಯ ಮಳೆ

ಪಾಟಿಯೊಳಗೊಬ್ಬಳು ಮಾತಾಡುವವಳಿದ್ದಾಳೆ ಎಂದು ಗೊತ್ತಾದ ಮೇಲೆ ಅವ್ವನಿಗೆ ದಿನಾ ಬೆಳಿಗ್ಗೆ ಒಂದೇ ಕೆಲಸ. ಚಹಾದ ಬಟ್ಟಲು ಹಿಡಿದು ಎದುರಿಗೆ ಕೂತು, "ಯವ್ವಾ, ಮುಂಡರಗಿಯೊಳಗ ಮಳಿ ಐತೇನ?" ಎಂದು ಕೇಳುವುದು. ಒಳಗಿನವಳು ಪುಸ್ತಕದ ಕನ್ನಡದಲ್ಲಿ, ಮೋಡ ಕವಿದ ವಾತಾವರಣವಿದೆ ಎನ್ನುವಳು. ಅವ್ವ ಗಂಭೀರವಾಗಿ ತಲೆಯಾಡಿಸುವಳು. ಒಂದು ದಿನ ಹೀಗೆ ಮುಂಡರಗಿಯ ಮೋಡ ವಿಚಾರಿಸುತ್ತ ಕೂತಾಗ ನಮ್ಮ ಹಿತ್ತಲಲ್ಲೇ ಮಳೆ ಹೊಡೆದು, ಒಣಹಾಕಿದ ಬಟ್ಟೆಗಳೆಲ್ಲ ತೊಯ್ದವು.

"ತಂಗಿ ನೆನಪಾಗೇತೇನಬೇ? ಒಮ್ಮೆ ಮಾತಾಡಿಬಿಡು, ಹಚ್ಚಿಕೊಡ್ತೀನಿ" ಎಂದೆ.

"ಆಕಿ ಯಾಕ ನೆನಪಾಗ್ತಾಳ? ಮಳಿ ಕೇಳೂದೂ ತಪ್ಪೇನು? ಮಳ್ಯಾಗ ಆಕಿಗೆ ದಮ್ಮು ಏಳತೈತಿ, ಅದಕ್ಕ ಕೇಳಿದ್ನೆವಾ" ಎಂದು ರೇಗಿದಳು. ರೇಗಿದ ದನಿಯಲ್ಲೂ ಮಮತೆ ತುಂಬಿತ್ತು. ನಾನು ಒಳಗೆ ಹೋದೆ. ಬಾಗಿಲ ಮರೆಯಿಂದ ಕೇಳಿದರೆ ಅವ್ವ ಪಾಟಿಗೆ ಬಾಯಿ ಹಚ್ಚಿ ಪಿಸುಗುಡುತ್ತಿದ್ದಳು: "ನಾ ಕೇಳಿದ್ನಿ ಅಂತ ಆಕಿಗೆ ಹೇಳಬ್ಯಾಡ ಮತ್ತ."

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಎಂದಳು ಒಳಗಿನವಳು.

"ಶಾಣ್ಯಾಕಿ!" ಎಂದಳು ಅವ್ವ. "ಯಾರ ಕೇಳಿದ್ರೂ ಹಿಂಗ ಹೇಳು."

ಚಾಚಿಯ ಮೂಗು

ರಂಜಾನ್ ಹಬ್ಬದ ಹಿಂದಿನ ದಿನ, ಪಕ್ಕದಲ್ಲಿ ದಾರ, ಗುಂಡಿ ಮಾರುವ ಚಾಚಿ ಮೆಹಂದಿ ಹಚ್ಚಿಸಿಕೊಳ್ಳಲು ನಮ್ಮಲ್ಲಿ ಕೂತಿದ್ದಳು. ಡಿಸೈನ್ ಪಾಟಿಯಲ್ಲಿ, ಮೆಹಂದಿ ನನ್ನ ಕೈಯಲ್ಲಿ. ಪಾಟಿಯೋ ತುಸು ಹೊತ್ತಿಗೊಮ್ಮೆ ಕಣ್ಣು ಮುಚ್ಚುವ ಸೋಮಾರಿ. ಅವಳ ಎರಡೂ ಕೈ ಹಸಿ, ನನ್ನ ಬೆರಳೂ ಹಸಿ. ಚಾಚಿ ಹಿಂದೆ ಮುಂದೆ ನೋಡದೆ ಬಗ್ಗಿ ಮೂಗಿನಿಂದ ಒತ್ತಿದಳು. ಪಾಟಿ ಕಣ್ಣು ಬಿಟ್ಟಿತು! ಅವ್ವನ ಬೆರಳಿಗಿಂತ ಚಾಚಿಯ ಮೂಗನ್ನೇ ಅದು ಹೆಚ್ಚು ಮರ್ಯಾದೆಯಿಂದ ಕಂಡಿತು.

ಮೂರನೆಯ ಸಲ ಮೂಗು ಎಲ್ಲೋ ಜಾರಿ, ಲಕ್ಷ್ಮೇಶ್ವರದ ನನ್ನ ಗಿರಾಕಿಯೊಬ್ಬಳಿಗೆ ವಿಡಿಯೋ ಕಾಲ್ ಹೋಯಿತು. ಅವಳು ಚಾಚಿಗೂ ದೂರದ ಬೀಗಿತಿ. ಆ ಕಡೆಯವಳು, "ಇದು ನಮ್ಮ ಬೀಗಿತಿ ನತ್ತು ಅಲ್ಲೇನ್ರಿ?" ಎಂದಳು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

ಆಮೇಲೆ ಚಾಚಿ ಅವ್ವನಿಗೆ ಬುದ್ಧಿ ಹೇಳಿದಳು. "ನೋಡಿದಿ ಅಕ್ಕಾ, ಮೂಗು ಕಂಡ್ರೂ ಸಾಕು, ಜೀವಕ್ಕ ಖುಷಿ ಆಗ್ತೈತಿ. ನೀನೂ ನಿನ್ನ ತಂಗಿಗೆ ಮೂಗರೆ ತೋರಿಸು."

"ಮೊದಲ ಆಕಿ ತೋರಿಸ್ಲಿ" ಎಂದಳು ಅವ್ವ. "ನನ್ನದು ದೊಡ್ಡ ಮೂಗು."

ಖಂಡೇಪೂಜೆ

ದಸರೆಯ ಹಿಂದಿನ ದಿನ ನಮ್ಮಲ್ಲಿ ಖಂಡೇಪೂಜೆ. ದುಡಿಯುವ ಸಾಮಾನಿಗೆಲ್ಲ ಅಂದು ಪೂಜೆ, ಅಂದು ಸೂಟಿ, ಕೆಲಸಕ್ಕೆ ರಜೆ. ಅವ್ವ ಹೊಲಿಗೆ ಮಷೀನು, ಕತ್ತರಿ, ಟೇಪು, ಇಸ್ತ್ರಿ ಪೆಟ್ಟಿಗೆ ಎಲ್ಲ ಸಾಲಾಗಿ ಇಟ್ಟಳು. ನನ್ನ ಮೊಬೈಲನ್ನೂ ಕಸಿದು, ಬಂದ್ ಮಾಡಿಸಿ, ಕತ್ತರಿಯ ಪಕ್ಕಕ್ಕೆ ಮಲಗಿಸಿದಳು. ಕೊನೆಗೆ ಪಾಟಿಯನ್ನು ಗೋಡೆಗೆ ಆನಿಸಿ ನಿಲ್ಲಿಸಿದಳು. ಎಣ್ಣೆಯಲ್ಲಿ ಕಲಸಿದ ಕುಂಕುಮ ಬೆರಳಿಗೆ ತೆಗೆದುಕೊಂಡು ಎಲ್ಲಿಡಲಿ ಎಂದು ನೋಡಿದರೆ, ಮೇಲ್ಗಡೆ ನಡುಮಧ್ಯ, ಹಣೆಯ ಜಾಗದಲ್ಲೇ, ಒಂದು ಸಣ್ಣ ಗುಂಡಗಿನ ಗುರುತು. "ನೋಡು, ಕುಂಕುಮಕ್ಕಂತನ ಜಾಗಾ ಬಿಟ್ಟಾರ. ಮಾಡಿದಾಂವ ದೇವರಂಥಾಂವ" ಎಂದು ಅಲ್ಲೇ ಒರೆಸಿದಳು. ಅದು ಕ್ಯಾಮೆರಾ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಪಾಟಿ ರಿಂಗಾಯಿತು.

ಹಬ್ಬಕ್ಕೆ ನನ್ನನ್ನು ಮಾತಾಡಿಸಲು ಚಿಕ್ಕವ್ವನೇ ವಿಡಿಯೋ ಕಾಲ್ ಮಾಡಿದ್ದಳು. ಪೂಜೆಯ ಹೊತ್ತಿನಲ್ಲಿ ಬಾಯಿ ಮಾಡುವ ಪಾಟಿಯನ್ನು ಸುಮ್ಮನಾಗಿಸಲು ಅವ್ವ ಅಂಗೈಯಿಂದ ಬಡಿದಳು. ಅದು ಕಾಲ್ ಎತ್ತಿಕೊಂಡಿತು.

ಮೂರು ವರ್ಷಗಳ ಮೇಲೆ ಅಕ್ಕ ತಂಗಿ ಎದುರುಬದುರು. ಅವ್ವ ಕಣ್ಣು ಅರಳಿಸಿ ನೋಡಿದಳು. ತಂಗಿ ಸೊರಗಿದ್ದಾಳೆ ಎಂದು ಅವಳ ಮುಖವೇ ಹೇಳುತ್ತಿತ್ತು. ಆದರೆ ಮಾತು ಬಿಟ್ಟಿದ್ದೇನೆಂಬುದು ನೆನಪಾಗಿ ತುಟಿ ಬಿಗಿ ಹಿಡಿದಳು. ಆ ಕಡೆ ಚಿಕ್ಕವ್ವನಿಗೆ ಕಂಡದ್ದೇನು? ಮುಖದ ತುಂಬ ಕೆಂಪು ಹರಿದ, ಕಣ್ಣು ಅಗಲಿಸಿ ಮಾತಿಲ್ಲದೆ ಕೂತ ಅಕ್ಕ.

"ಅಕ್ಕಾ! ಯಕ್ಕಾ! ಏನಾತ ಬೇ? ರಗತ! ಮಾತಾಡವಲ್ಲಳು!" ಎಂದು ಕೂಗುತ್ತಿರುವಾಗಲೇ ಚಾರ್ಜು ಮುಗಿದು ಪಾಟಿ ಕಪ್ಪಾಯಿತು.

ನಾನು ಮೊಬೈಲಿಗೆ ಕೈ ಹಾಕಿದೆ. ಅವ್ವ ಕೈಮೇಲೆ ಹೊಡೆದಳು. "ಪೂಜಿಗೆ ಇಟ್ಟದ್ದು ನಾಳಿ ಮಟಾ ಎತ್ತಬಾರದು. ನನ್ನ ನೋಡಿದ್ಲಲ್ಲ, ಸಾಕು." ಚಾಚಿಯ ಫೋನು ಕೇಳೋಣವೆಂದು ಓಡಿದರೆ ಅವಳ ಮನೆಗೆ ಬೀಗ.

ಮಧ್ಯಾಹ್ನ ಬಾಗಿಲ ಮುಂದೆ ಆಟೋ ನಿಂತಿತು. ಚಿಕ್ಕವ್ವ ಇಳಿದಳು. ಹಬ್ಬದ ದಿನ ಮಾಸಿದ ಸೀರೆ, ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ, ಕೈಯಲ್ಲಿ ರೋಗಿಗೆ ಒಯ್ಯುವ ಬ್ರೆಡ್ಡಿನ ಪುಡಿಕೆ. "ಯಾವ ದವಾಖಾನಿ? ಯಾವ ದವಾಖಾನ್ಯಾಗ ಅದಾಳ?" ಎಂದು ಅಳುತ್ತಲೇ ಒಳಗೆ ನುಗ್ಗಿದಳು.

ಅವ್ವ ಕಡಬು ಹಿಡಿದು ಎದುರು ನಿಂತಿದ್ದಳು.

ಚಿಕ್ಕವ್ವ ಅವಳ ತಲೆ, ಹಣೆ, ಕಿವಿಯ ಹಿಂದೆಲ್ಲ ತಡವಿ ನೋಡಿದಳು. ಗಾಯ ಸಿಗಲಿಲ್ಲ. ಸಿಗದ್ದಕ್ಕೇ ಇನ್ನೂ ಜೋರಾಗಿ ಅತ್ತಳು. "ಬದುಕೀಯೇನಬೇ! ನೀ ಹ್ವಾದಿ ಅಂತ ಬಸ್ಸಿನ ತುಂಬ ಅತ್ಕೋತ ಬಂದೆ, ಜೀವಾನ ಹೋಗಿತ್ತಲ್ಲ ನಂದು!"

ಅವ್ವ ಕಡಬನ್ನು ಪಕ್ಕಕ್ಕಿಟ್ಟಳು. "ಹಬ್ಬಕ್ಕ ಯಾರರೆ ಬ್ರೆಡ್ಡು ತರ್ತಾರೇನ, ಹುಚ್ಚಿ" ಎಂದು ತಂಗಿಯನ್ನು ಅಪ್ಪಿಕೊಂಡು ತಾನೂ ಅತ್ತಳು. ನಾನೂ ಅತ್ತೆ.

ಸಮಾಧಾನವಾದ ಮೇಲೆ, "ನಾ ಏನೂ ನಿನ್ನ ಕರದಿಲ್ಲ" ಎಂದಳು ಅವ್ವ, ಕಣ್ಣೊರೆಸಿಕೊಳ್ಳುತ್ತ.

"ನಾನೂ ಬನ್ನಿ ಕೊಡಾಕ ಬಂದಿಲ್ಲ, ನಿನ್ನ ಮಣ್ಣಿಗೆ ಬಂದೀನಿ" ಎಂದಳು ಚಿಕ್ಕವ್ವ.

ಮರುದಿನ ಸಂಜೆ ಬನ್ನಿಯೂ ಆಯಿತು. ಚಿಕ್ಕವ್ವ ಕಾಲಿಗೆ ಬಿದ್ದಳು, ಅವ್ವ ಅರ್ಧದಲ್ಲೇ ಎತ್ತಿದಳು. ಸೂಟಿ ಮುಗಿದಿತ್ತಲ್ಲ, ನಾನು ಪಾಟಿಯನ್ನು ಚಾರ್ಜಿಗೆ ಹಾಕಿ, ಬಟ್ಟೆಯ ತುಂಡು ತೆಗೆದುಕೊಂಡು ಕ್ಯಾಮೆರಾ ಒರೆಸಲು ಹೋದೆ.

"ಏ, ಒರಸಬ್ಯಾಡ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

"ಯಾಕಬೇ?"

"ಶಿರಹಟ್ಟಿಯೊಳಗ ನಮ್ಮ ತಮ್ಮ ಅದಾನಲ್ಲ, ಪಂಚಮಿಗೆ ಕರದ್ರ ಬರ್ಲಿಲ್ಲ, ದೀಪಾವಳಿಗೂ ಆಗೂದಿಲ್ಲ ಅನ್ನಾಕ ಹತ್ಯಾನ" ಎಂದಳು ಅವ್ವ. "ಅಂವಗ ವಿಡಿಯೋ ಕಾಲ್ ಹಚ್ಚು."

ಚಿಕ್ಕವ್ವ ಕುಂಕುಮದ ಬಟ್ಟಲು ಹಿಡಿದು ಪಾಟಿಯ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. "ತಡಿ, ಅಂವಾ ಗಟ್ಟಿ ಮನಷ್ಯಾ. ಇನ್ನೊಂದೀಟು ಹಚ್ಚತೀನಿ."