ಸೋಲಲು ಕುಳಿತ ಆಟ

ಭಾನುವಾರ, ಸಂಜೆ ನಾಲ್ಕು ಗಂಟೆ. ಸ್ಥಳ: ವಿಜಯಪುರ ಜಲನಗರದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಬಬಲೇಶ್ವರದ ಗೆಳೆಯ ಮಲ್ಲಪ್ಪ ಮಾಸ್ತರರು, ನಡುವೆ ಚದುರಂಗದ ಹಲಗೆ.

ತಮ್ಮ ಹೆಂಡತಿ ತೀರಿಕೊಂಡ ಮೇಲೆ ಮಾಸ್ತರರು ನಮ್ಮ ವಾರದ ಆಟಕ್ಕೆ ಬಂದದ್ದು ಅಂದೇ ಮೊದಲು. ನನ್ನವಳು ಒಳಗೆ ಕರೆದು ತಾಕೀತು ಮಾಡಿದಳು.

"ಇವತ್ತ ಸೋಲ್ರಿ. ಅವ್ರು ಒಂದೀಟ ನಗಲಿ. ಇಲ್ಲಂದ್ರ ಮತ್ತ ಈ ಕಡೆ ಬರಂಗಿಲ್ಲ."

"ಸೋಲೂದೇನ ದೊಡ್ಡ ಕೆಲಸ?" ಎಂದೆ.

ಮೊದಲು ನನ್ನ ಮಂತ್ರಿಯನ್ನು ಅವರ ಆನೆಯ ದಾರಿಯಲ್ಲಿ ನಿಲ್ಲಿಸಿದೆ. ಅವರು ಪ್ಯಾದೆ ತಳ್ಳಿದರು. ಮಂತ್ರಿಯನ್ನು ಕುದುರೆಯ ಬಾಯಿಗಿಟ್ಟೆ. ಕುದುರೆಗೆ ಹಸಿವಿರಲಿಲ್ಲ. ಪಾಪ, ದುಃಖಕ್ಕೆ ಕಣ್ಣು ಮಂಜಾಗಿದೆ ಎಂದು ಮರುಗಿ, ಮಂತ್ರಿಯನ್ನು ಅವರ ರಾಜನ ಮಗ್ಗುಲಿಗೇ ಒಯ್ದಿಟ್ಟೆ. ರಾಜನಾದರೂ ತಿನ್ನಲಿ!

ಬೆರಳು ತೆಗೆದ ಮೇಲೆ ಕಂಡಿತು: ದೂರದ ಮೂಲೆಯಿಂದ ನನ್ನದೇ ಒಂಟೆ ಆ ಮಂತ್ರಿಯನ್ನು ಕಾಯುತ್ತಿತ್ತು. ರಾಜನಿಗೆ ಓಡಲು ಮನೆ ಇರಲಿಲ್ಲ. ನಾನು ಗೆದ್ದಿದ್ದೆ.

"ತಡೀರಿ, ಹಿಂದ ತಗೋತೇನಿ."

"ಇಟ್ಟ ಕಾಯಿ ಇಟ್ಟಂಗ ಸರ. ನಿಮ್ಮದ ಕಾಯದೆ," ಎಂದು ಮಾಸ್ತರರು ಚಪ್ಪಲಿ ಮೆಟ್ಟಿದರು.

ತಪ್ಪೊಪ್ಪಿಕೊಳ್ಳಲು ಬಸ್ಸಿನವರೆಗೂ ಹಿಂದೆ ನಡೆದೆ.

"ಮಾಸ್ತರ, ನಾ ಸೋಲಬೇಕಂತ ಕುಂತಿದ್ದೆ."

"ಗೊತ್ತಾತ್ರಿ. ನಾನೂ ಸೋಲಾಕ ಕುಂತಿದ್ದೆ. ನಿಮ್ಮನ್ನ ಸೋಲಿಸಿದ್ರ ಇನ್ನೊಂದಾಟ ಆಡದ ಬಿಡ್ತಿದ್ರೇನು?"

ಬಿಡುತ್ತಿರಲಿಲ್ಲ.

"ಅಷ್ಟ ಅವಸರ ಏನಿತ್ತು?"

"ಹೊತ್ತ ಮುಳಗೂದ್ರಾಗ ದೀಪ ಹಚ್ಚಬೇಕ್ರಿ. ಆಕಿ ಒಂದಿನಾನೂ ತಪ್ಪಿಸಿದ್ದಿಲ್ಲ. ಈಗ ನನ್ನ ಪಾಳಿ."

ಅವರನ್ನು ಸಂಜೆ ನಾಲ್ಕಕ್ಕೆ ಕರೆದವನು ನಾನು. ನನ್ನ ವೇಳಾಪಟ್ಟಿಯಲ್ಲಿ ಚದುರಂಗಕ್ಕೆ ಅದೇ ಸಮಯ. ಎದುರಿನವರ ಮನೆಯಲ್ಲಿ ಅದು ಎಂಥ ಹೊತ್ತು ಎಂದು ಕೇಳಿರಲಿಲ್ಲ. ಹಲಗೆಯ ಮೇಲೂ ಅಷ್ಟೇ: ನನ್ನ ಹಂಚಿಕೆ ನನಗೆ ಚೆಂದ ಕಂಡರೆ ಮುಗಿಯಿತು, ಎದುರಿನವರ ನಡೆ ನೋಡುವುದೇ ಇಲ್ಲ.

"ಮುಂದಿನ ವಾರ ಮುಂಜಾನೆ ಬರ್ತೀರೇನು?"

"ನೋಡೂನ್ರಿ," ಎಂದು ಬಸ್ ಹತ್ತಿದರು.

ಮನೆಗೆ ಬಂದಾಗ ಹೆಂಡತಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು.

"ಸೋತ್ರಿಲ್ಲೋ?"

"ಅದೂ ಆಗಲಿಲ್ಲ. ಇವತ್ತ ದೀಪ ನಾ ಹಚ್ತೇನಿ. ಎಣ್ಣಿ ಎಲ್ಲಿರತದ?"

ಅವಳು ಬತ್ತಿಯನ್ನು ನನ್ನ ಕೈಗಿಟ್ಟಳು.

"ನೀವು ದಿನಾ ಕೈ ಮುಗಿಯೂ ದೇವರ ಜಗಲಿ ಬಾಜೂಕ."

ಹಚ್ಚಿದೆ. ಅರ್ಧ ಎಣ್ಣೆ ನೆಲಕ್ಕೆ ಬಿತ್ತು. ಅದನ್ನು ಒರೆಸಿದ್ದೇ ಆ ದಿನದ ಕೊನೆಯ ಕೆಲಸ.