ಬೇವಿನ ಮರದ ಜಾಗೀರದಾರ

ಈ ಸಲ ಒಂದು ಮರಿಯನ್ನೂ ಹದ್ದಿಗೆ ಕೊಡುವುದಿಲ್ಲ ಎಂದು ಸಖುಬಾಯಿ ಅಂಗಳದ ನಡುವೆ ನಿಂತು ಸಾರಿದಳು. ಠಾಣಾ ಕುಶನೂರಿನ ಆ ಮನೆಯ ಹಿಂದೆ, ಬೇವಿನ ತುದಿಯಲ್ಲಿ ಗೂಡು ಕಟ್ಟುತ್ತಿದ್ದ ಹದ್ದಿಗೆ ಅವಳು ಜಾಗೀರದಾರ ಎಂದು ಹೆಸರಿಟ್ಟಿದ್ದಳು. ನಿಜಾಮನ ಮಂದಿ ಮನೆಮನೆಗೆ ಬಂದು ಸರ್ಕಾರದ ಪಾಲೆಂದು ಲೇವಿ ಜೋಳ ಅಳೆದುಕೊಂಡು ಹೋಗುತ್ತಿದ್ದಂತೆ, ಅವಳ ಕರಿಕೋಳಿ ಮರಿ ಮಾಡಿದಾಗಲೆಲ್ಲ ಅದೂ ಬಂದು ತನ್ನ ಪಾಲು ಎತ್ತಿಕೊಂಡು ಹೋಗುತ್ತಿತ್ತು. ಕುರಿ ಕಾಯುತ್ತ ತೋಳದ ಮೇಲೆ ಕೋಲು ಬೀಸಿದವಳು, ಒಂದು ಹಕ್ಕಿಯ ಮುಂದೆ ವರ್ಷವರ್ಷವೂ ಸೋತಿದ್ದಳು.

"ಬುಟ್ಟಿ ಕವುಚಿ ಹಾಕು, ಮುಗೀತು," ಎಂದ ಗಂಡ ವೈಜಿನಾಥ, ಕಂಬಳಿ ಕೊಡವುತ್ತ.

"ರಜಾಕಾರರು ಬಂದಾಗೇ ನಾ ಅಡಗಿಲ್ಲ. ಈಗ ಹದ್ದಿಗಿ ಅಂಜಿ ನನ್ನ ಕೋಳಿ ಅಡಗಬೇಕೇನ್ರಿ?"

"ಜೋಳದ ಹಗೇವಿನಾಗ ಇಳದಿದ್ದಿ."

"ಅದು ಝಂಡಾ ಅಡಗಿಸ್ಲಕ."

ಮಾತು ನಿಜ. ತ್ರಿವರ್ಣದ ಬಟ್ಟೆ ಸಿಕ್ಕರೆ ಜೈಲು ಎಂಬ ಕಾಲದಲ್ಲಿ ಅವಳು ಅದನ್ನು ನೆಲದೊಳಗಿನ ಹಗೇವಿಗೆ ಇಳಿದು ಜೋಳದಡಿ ಹೂತಿಟ್ಟಿದ್ದಳು. ಈಗ ಹಿಂದುಸ್ತಾನದ ಫೌಜು ಬೀದರಕ್ಕೆ ಬಂದಿತ್ತು; ನಿಜಾಮ ಶರಣಾದ ಸುದ್ದಿಯೂ ಊರು ಮುಟ್ಟಿತ್ತು. ಝಂಡಾ ಹೊರಗೆ ಬಂತು. ಹೊಲದಲ್ಲಿ ಹಕ್ಕಿ ಬೆದರಿಸಲು ಹಳೆಯ ಧೋತರ ಕಟ್ಟುವುದು ಅವಳಿಗೆ ನೆನಪಾಯಿತು. ಒಂದೇ ಬಟ್ಟೆ, ಎರಡು ಕೆಲಸ.

"ಇದಕ್ಕ ನಿಜಾಮನೇ ಗಪ್ಪಾದ. ಹದ್ದು ಯಾವ ಗಿಡದ ತಪ್ಪಲ?" ಎನ್ನುತ್ತ ಮಾಳಿಗೆ ಏರಿ ಬಿದಿರಿಗೆ ಕಟ್ಟಿದಳು.

"ಗಂಟು ಗಟ್ಟಿ ಹಾಕು."

"ಕುರಿ ಕಟ್ಟಿದ ಕೈ ಇದು. ನನಗ ಹೇಳಿಕೊಡಬ್ಯಾಡ್ರಿ."

ಹದ್ದು ಬಂತು. ಸಖುಬಾಯಿ ಮರಿಗಳ ಮುಂದೆ ಕೋಲೆತ್ತಿ ನಿಂತಳು. ಅದು ಮರಿಗಳ ಕಡೆ ನೋಡಲೂ ಇಲ್ಲ. ನೇರ ಮಾಳಿಗೆಗೆ ಎರಗಿ, ಝಂಡಾವನ್ನು ಉಗುರಲ್ಲಿ ಜಗ್ಗಿ ಬಿಚ್ಚಿಕೊಂಡು ಬೇವಿನ ತುದಿಗೆ ಹಾರಿತು. ಗೂಡಿಗೆ ಹಾಸಲು ಹದ್ದು ಚಿಂದಿ ಹುಡುಕುತ್ತದೆಂದು ಊರಿಗೆಲ್ಲ ಗೊತ್ತು. ಸಖುಬಾಯಿಗೂ ಗೊತ್ತು. ಝಂಡಾವನ್ನು ಅವಳು ಚಿಂದಿಯ ಲೆಕ್ಕದಲ್ಲಿ ಹಿಡಿದಿರಲಿಲ್ಲ, ಅಷ್ಟೇ.

ಅವಳು ಕವಣೆಗೆ ಕಲ್ಲು ಇಟ್ಟಳು. ಅಷ್ಟರಲ್ಲಿ, ಗೂಡಿನಿಂದ ಇಳಿಬಿದ್ದು ಹಾರಾಡುತ್ತಿದ್ದ ಝಂಡಾ ಕಂಡು ಊರ ಹಿರಿಯ ಮಡೆಪ್ಪ ಮಂದಿಯನ್ನು ಕಟ್ಟಿಕೊಂಡು ಬಂದ.

"ಕವಣಿ ಇಳಸು, ತಂಗಿ. ಝಂಡಾಕ್ಕ ಕಲ್ಲ ಒಗೀತಿ?"

"ಝಂಡಾಕ್ಕಲ್ಲ ಕಾಕಾ, ಹದ್ದಿಗಿ."

"ಕಲ್ಲಿಗಿ ಅದು ತಿಳೀತದೇನು? ಇಷ್ಟು ಎತ್ತರ ಯಾರೂ ಏರಸಿಲ್ಲ. ಆಚಿ ಡಾಬಕಾ ಊರ ತನಕ ಕಾಣ್ತದ. ಇನ್ನ ಆ ಗಿಡಕ್ಕ ಯಾರೂ ಕಲ್ಲ ಒಗೀಬಾರದು."

ಮಂದಿ ಬೇವಿನ ಕಡೆ ತಿರುಗಿ ಕೈ ಮುಗಿದರು. ಮನೆಯ ಝಂಡಾಕ್ಕೆ ಮನೆಯವಳೇ ಕೈ ಮುಗಿಯದಿದ್ದರೆ ಹೇಗೆ? ಸಖುಬಾಯಿ ಕವಣೆ ಕೆಳಗಿಟ್ಟು ಎರಡೂ ಕೈ ಜೋಡಿಸಿದಳು. ಹದ್ದು ಗೂಡಿನಿಂದ ಜಾರಿ ಬಂದು, ಅವಳ ಕಣ್ಣೆದುರೇ ಒಂದು ಮರಿಯನ್ನು ಎತ್ತಿಕೊಂಡು ಹೋಯಿತು. ಮುಗಿದ ಕೈ ಮುಗಿದೇ ಇತ್ತು.

ಮಂದಿ ಹೋದ ಮೇಲೆ ಅವಳು ಒಳಗಿನಿಂದ ಬುಟ್ಟಿ ತಂದು ಕೋಳಿಯ ಮೇಲೆ ಕವುಚಿದಳು.

"ಹದ್ದಿಗಿ ಅಂಜಿ ಅಲ್ಲ," ಎಂದಳು. "ಝಂಡಾಕ್ಕ ಮಾನ ಕೊಟ್ಟು."

ವೈಜಿನಾಥ ಬೇವಿನ ಕಡೆ ನೋಡಿದ. "ಹೌದು ಬಿಡು. ಸರ್ಕಾರ ಬದ್ಲಾತು. ಲೇವಿ ಮಾತ್ರ ಅದೇ ಜಾಗೀರದಾರನೇ ವಸೂಲಿ ಮಾಡ್ಲಕತ್ಯಾನ."